ಮಂಗಳೂರಿನ ಅಭ್ಯರ್ಥಿ

ಅನಂತಯ್ಯ ಧಾರೇಶ್ವರ ಉಯಿಲು ಬರೆಯದೆ ತೀರಿಕೊಂಡಾಗ ಅವರ ಕಿರಿಯ ಮಗಳಿಗೆ ಏಳು ವರ್ಷ. ಮಂಗಳೂರಿನ ಸಾರಸ್ವತ ಮನೆತನ, ಸರ್ಕಾರದಲ್ಲಿ ದೊಡ್ಡ ಹುದ್ದೆ, ಕೈತುಂಬ ಆಸ್ತಿ. ಮೊದಲ ಮದುವೆಯಿಂದ ಹುಟ್ಟಿದ ಮಗನೊಬ್ಬನಿದ್ದ. ಕಾನೂನು ನೋಡಿದ್ದು ಅಷ್ಟನ್ನೇ. ಇದ್ದದ್ದೆಲ್ಲ ಅವನಿಗೆ ಹೋಯಿತು. ಹೆಂಡತಿ ಗಿರಿಜಾಬಾಯಿಗೂ ಹೆಣ್ಣುಮಕ್ಕಳಿಗೂ ಮಿಕ್ಕಿದ್ದು ತಿಂಗಳಿಗಿಷ್ಟು ಎಂದು ಗೊತ್ತುಮಾಡಿದ ಜೀವನಾಂಶ. ಗಿರಿಜಾಬಾಯಿ ಆ ಹಣವನ್ನು ಮುಟ್ಟಲಿಲ್ಲ. ಮದುವೆಯಲ್ಲಿ ತವರಿನಿಂದ ಬಂದಿದ್ದರಲ್ಲೇ ಮಗಳನ್ನು ಬೆಳೆಸಿದರು. 1903ರ ಏಪ್ರಿಲ್ 3ರಂದು ಹುಟ್ಟಿದ ಆ ಮಗಳೇ ಮುಂದೆ ಕಮಲಾದೇವಿ ಚಟ್ಟೋಪಾಧ್ಯಾಯ ಎಂದು ದೇಶಕ್ಕೆಲ್ಲ ಗೊತ್ತಾದರು. ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಹೆಣ್ಣು ಎಂಬ ಹೆಸರು ಅವರದು. ಅವರ ರಾಜಕಾರಣ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಗಾಂಧಿಯಿಂದ, ಕಾಂಗ್ರೆಸ್ಸಿನಿಂದ ಎಂದು ಹೇಳುವವರೇ ಹೆಚ್ಚು. ನನಗೆ ಕಾಣುವಂತೆ ಅದು ಶುರುವಾದದ್ದು ಆ ಪಾಲುಪಟ್ಟಿಯಿಂದ. ಮನೆಯಲ್ಲಿ ದುಡಿಯುವವಳಿಗೆ ಮನೆಯಲ್ಲಿ ಪಾಲಿಲ್ಲ ಎಂಬ ಸತ್ಯವನ್ನು ಏಳರ ವಯಸ್ಸಿಗೇ ಕಂಡವರು ಅವರು.

ಗಿರಿಜಾಬಾಯಿ ಸ್ವತಃ ಓದಿದ ಹೆಣ್ಣು. ರಮಾಬಾಯಿ ರಾನಡೆ, ಆನಿ ಬೆಸೆಂಟ್ ಅಂಥವರ ಕೆಲಸವನ್ನು ಮೆಚ್ಚಿದವರು. ಆ ಕಾಲದ ಮಂಗಳೂರಿನಲ್ಲಿ ಅಂಥ ಗಾಳಿಯೂ ಬೀಸುತ್ತಿತ್ತು. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು ಜಾತಿಯವರ ಬಹಿಷ್ಕಾರವನ್ನು ಎದುರಿಸಿದ್ದರು. ಕಾರ್ನಾಡ್ ಸದಾಶಿವರಾಯರು ಮಹಿಳಾ ಸಭೆ ಕಟ್ಟಿ ವಿಧವೆಯರಿಗೆ ಕೈಕೆಲಸ ಕಲಿಸುತ್ತಿದ್ದರು. ಆದರೂ ಸಂಪ್ರದಾಯದ ಹಿಡಿತ ಸಡಿಲಾಗಿರಲಿಲ್ಲ. ಅಕ್ಕ ಸಗುಣಾ ಚಿಕ್ಕ ವಯಸ್ಸಿಗೆ ಮದುವೆಯಾಗಿ, ಚಿಕ್ಕ ವಯಸ್ಸಿಗೇ ತೀರಿಕೊಂಡಳು. ಕಮಲಾದೇವಿಗೆ ಹದಿನಾಲ್ಕಕ್ಕೆ ಮದುವೆ; ಎರಡು ವರ್ಷ ಕಳೆಯುವುದರೊಳಗೆ ಗಂಡ ಕೃಷ್ಣರಾವ್ ಇಲ್ಲವಾದರು. ಹದಿನಾರರ ವಿಧವೆ ಮನೆಯ ಮೂಲೆ ಸೇರಬೇಕಿದ್ದ ಕಾಲ ಅದು. ತಾಯಿ ಹಾಗಾಗಲು ಬಿಡಲಿಲ್ಲ. ಹುಡುಗಿ ಓದು ಮುಂದುವರಿಸಿ ಮದರಾಸಿನ ಕ್ವೀನ್ ಮೇರೀಸ್ ಕಾಲೇಜು ಸೇರಿದಳು.

ಅಲ್ಲಿ ಸಿಕ್ಕ ಗೆಳತಿ ಸುಹಾಸಿನಿ ಚಟ್ಟೋಪಾಧ್ಯಾಯ. ಸುಹಾಸಿನಿಯ ಮೂಲಕ ಅಣ್ಣ ಹರೀಂದ್ರನಾಥರ ಪರಿಚಯ. ಕವಿ, ನಟ, ಹಾಡುಗಾರ. ಇವರ ಹಿರಿಯಕ್ಕ ಸರೋಜಿನಿ ನಾಯ್ಡು. ಹೈದರಾಬಾದಿನಲ್ಲಿ ಬೇರೂರಿದ ಬಂಗಾಳಿ ಮನೆತನ ಇದು. ಎಡಿನ್‌ಬರೋದಲ್ಲಿ ಡಾಕ್ಟರೇಟ್ ಪಡೆದು ಬಂದ ತಂದೆ ಅಘೋರನಾಥರು ನಿಜಾಮ್ ಕಾಲೇಜಿನ ಮೂಲಪುರುಷರು. ಈಗ ಹೈದರಾಬಾದಿನ ಮಿಯಾಪುರದಲ್ಲಿ ಮೆಟ್ರೊ ಹತ್ತಿದರೆ ಕೆಂಪು ಮಾರ್ಗದಲ್ಲಿ ನಾಂಪಲ್ಲಿ ಸಿಗುತ್ತದೆ. ಚಟ್ಟೋಪಾಧ್ಯಾಯರ ಮನೆ ‘ಗೋಲ್ಡನ್ ಥ್ರೆಶೋಲ್ಡ್’ ಇರುವುದು ಅಲ್ಲಿಯೇ. ಸರೋಜಿನಿಯ ಮೊದಲ ಕವನಸಂಕಲನದ ಹೆಸರನ್ನೇ ಹೊತ್ತ ಆ ಮನೆಯಲ್ಲಿ 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಕಣ್ತೆರೆಯಿತು. ಆಮೇಲೆ ಅದು ಮಿಯಾಪುರದ ಕಡೆಯ ಗಚ್ಚಿಬೌಲಿಗೆ ಹೋಯಿತು. ಮಿಯಾಪುರ, ಚಂದಾನಗರದ ಕಡೆ ನೆಲೆಸಿರುವ ಬೀದರ್, ಕಲಬುರಗಿ ಮೂಲದ ಕನ್ನಡಿಗರು ದಿನವೂ ಓಡಾಡುವ ದಾರಿ ಇದು. ಮಂಗಳೂರಿನ ಒಬ್ಬ ಹೆಣ್ಣುಮಗಳು ಸೊಸೆಯಾಗಿ ಸೇರಿದ ಮನೆತನದ ಗುರುತು ಆ ದಾರಿಯಲ್ಲಿದೆ ಎಂಬುದನ್ನು ನೆನೆಯುವವರು ಕಡಿಮೆ.

ಇಪ್ಪತ್ತರ ಆಸುಪಾಸಿನಲ್ಲಿ ಆದ ಈ ಎರಡನೆಯ ಮದುವೆ ಮಂಗಳೂರಿನಲ್ಲಿ ದೊಡ್ಡ ಗದ್ದಲವೆಬ್ಬಿಸಿತು. ವಿಧವೆ ಮರುಮದುವೆಯಾದಳು, ಅದೂ ಜಾತಿಯಾಚೆ, ಭಾಷೆಯಾಚೆ, ನಾಟಕ ಆಡುವವನನ್ನು. ಗಂಡಹೆಂಡತಿ ಲಂಡನ್ನಿಗೆ ಹೋದರು. ಕಮಲಾದೇವಿ ಅಲ್ಲಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಅಸಹಕಾರ ಚಳವಳಿಯ ಕರೆ ಅವರನ್ನು ಊರಿಗೆ ಎಳೆದು ತಂದಿತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಕಟ್ಟಿದ ಹಿಂದೂಸ್ತಾನಿ ಸೇವಾದಳ ಸೇರಿದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಉಮಾಬಾಯಿ ಕುಂದಾಪುರ ಅವರು ಕಟ್ಟಿದ್ದ ಸ್ವಯಂಸೇವಕಿಯರ ಪಡೆಯ ಜೊತೆ ದುಡಿದರು. ವಿಧವೆಯರು, ಗೃಹಿಣಿಯರು ಸಮವಸ್ತ್ರ ತೊಟ್ಟು ಸಾರ್ವಜನಿಕ ಕೆಲಸಕ್ಕೆ ನಿಂತದ್ದನ್ನು ಕರ್ನಾಟಕ ಕಂಡದ್ದು ಅಲ್ಲಿ.

ಇತ್ತ ಹೆಣ್ಣಿನ ಮತದ ಕಥೆ ಇನ್ನೊಂದು ದಾರಿಯಲ್ಲಿ ಬರುತ್ತಿತ್ತು. 1917ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಭಾರತ ಸಚಿವ ಮಾಂಟೆಗೂ ಎದುರು ಮಹಿಳೆಯರ ನಿಯೋಗವೊಂದು ನಿಂತಿತು. ಮುಂದಾಳು ಸರೋಜಿನಿ ನಾಯ್ಡು. ಹಿಂದೆ ನಿಂತು ಅದನ್ನು ಸಂಘಟಿಸಿದವರು ಮಾರ್ಗರೆಟ್ ಕಸಿನ್ಸ್. ಕಸಿನ್ಸ್ ಐರ್ಲೆಂಡಿನವರು, ಅಲ್ಲಿ ಮತದ ಹಕ್ಕಿಗಾಗಿ ಹೋರಾಡಿ ಜೈಲು ಕಂಡು, 1915ರಲ್ಲಿ ಭಾರತಕ್ಕೆ ಬಂದು, ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದರು. 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಗೆ ಮುಖ್ಯಸ್ಥೆಯಾಗಿದ್ದವರೂ ಅವರೇ. ಹಾಗಾಗಿ ಕರಾವಳಿಯ ನಂಟು ಅವರಿಗೆ ಹೊಸದಲ್ಲ.

ನಿಯೋಗದ ಬೇಡಿಕೆಗೆ ಲಂಡನ್ ಕಿವಿಗೊಡಲಿಲ್ಲ. 1919ರ ಕಾಯಿದೆ ಹೆಣ್ಣಿಗೆ ಮತ ಕೊಡುವ, ಬಿಡುವ ತೀರ್ಮಾನವನ್ನು ಪ್ರಾಂತಗಳ ಶಾಸನಸಭೆಗಳ ಹೆಗಲಿಗೆ ಹಾಕಿ ಕೈತೊಳೆದುಕೊಂಡಿತು. ಭಾರತದ ಗಂಡಸರು ಒಪ್ಪಲಾರರು ಎಂಬ ನಂಬಿಕೆ ಬ್ರಿಟಿಷರದು. ಅದು ಸುಳ್ಳಾಯಿತು. 1921ರಲ್ಲಿ ಮದರಾಸ್ ಶಾಸನಸಭೆ ಹೆಣ್ಣಿಗೆ ಮತ ಕೊಟ್ಟಿತು. ಅದೇ ವರ್ಷ ಮುಂಬಯಿಯೂ ಕೊಟ್ಟಿತು. ಆದರೆ ಇದರಲ್ಲಿ ಎರಡು ಕೊಕ್ಕೆಗಳಿದ್ದವು. ಮತಕ್ಕೆ ಆಧಾರ ಆಸ್ತಿ ಮತ್ತು ತೆರಿಗೆ. ಹೆಣ್ಣಿಗೆ ಆಸ್ತಿಯನ್ನೇ ಕೊಡದ ಸಮಾಜದಲ್ಲಿ ಆಸ್ತಿಯಿದ್ದರೆ ಮತ ಎಂದರೆ, ಮತ ಹಾಕಲು ಅರ್ಹರಾದ ಹೆಣ್ಣುಗಳು ನೂರಕ್ಕೆ ಒಬ್ಬರೂ ಆಗುತ್ತಿರಲಿಲ್ಲ. ಗಿರಿಜಾಬಾಯಿಯ ಮನೆಯಲ್ಲಿ ನಡೆದ ಅನ್ಯಾಯ ಮತದಾರರ ಪಟ್ಟಿಯಲ್ಲಿ ಇನ್ನೊಮ್ಮೆ ನಡೆಯಿತು. ಎರಡನೆಯ ಕೊಕ್ಕೆ: ಹೆಣ್ಣು ಮತ ಹಾಕಬಹುದು, ಅಭ್ಯರ್ಥಿಯಾಗುವಂತಿಲ್ಲ. ಇದು ಸಡಿಲವಾದದ್ದು 1926ರಲ್ಲಿ.

ಆ ವರ್ಷದ ಕೊನೆಗೆ ಮದರಾಸ್ ಶಾಸನಸಭೆಗೆ ಚುನಾವಣೆ ಇತ್ತು. ಬಾಗಿಲು ತೆರೆದಿದೆ, ಆದರೆ ಒಳಗೆ ಕಾಲಿಡಲು ಯಾರಾದರೂ ಬೇಕು. ಇಲ್ಲದಿದ್ದರೆ ಹೆಣ್ಣುಗಳಿಗೇ ಬೇಕಾಗಿಲ್ಲ ಎಂಬ ಮಾತಿಗೆ ಬಲ ಬರುತ್ತದೆ ಎಂಬುದು ಕಸಿನ್ಸ್ ಅವರ ಆತಂಕ. ಕಮಲಾದೇವಿಗೆ ಆಗ ಇಪ್ಪತ್ಮೂರು. ಪುಟ್ಟ ಮಗ, ಮನೆಯಲ್ಲಿ ನಾಟಕದ ತಾಲೀಮು, ಚುನಾವಣೆಯ ಅನುಭವ ಸೊನ್ನೆ. ಅವರು ಹಿಂದೆಮುಂದೆ ನೋಡಿದರು. ಕಸಿನ್ಸ್ ಬಿಡಲಿಲ್ಲ. ಕೊನೆಗೆ ಮಂಗಳೂರಿನಿಂದ ಯಾವ ಪಕ್ಷದ ಆಸರೆಯೂ ಇಲ್ಲದೆ ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಅಂದಿನ ದಕ್ಷಿಣ ಕನ್ನಡ ಮದರಾಸ್ ಪ್ರಾಂತದ ಒಂದು ಜಿಲ್ಲೆ. ಹಾಗಾಗಿ ಕನ್ನಡನಾಡಿನ ಹೆಣ್ಣೊಬ್ಬಳ ಈ ಮೊದಲ ಹೆಜ್ಜೆ ಮದರಾಸಿನ ದಾಖಲೆಯಲ್ಲಿ ಸೇರಿಕೊಂಡಿದೆ.

ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಕಸಿನ್ಸ್ ಚುನಾವಣೆಯ ಉಸ್ತುವಾರಿ ಹೊತ್ತರು. ಹರೀಂದ್ರನಾಥರ ಹಾಡು, ನಾಟಕಗಳು ಜನ ಸೇರಿಸಿದವು. ಆ ದಿನಗಳ ಮಂಗಳೂರನ್ನು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ವಿಧವೆಯಾಗಿ ತಲೆತಗ್ಗಿಸಬೇಕಿದ್ದವಳು ಮರುಮದುವೆಯಾಗಿ, ವಿಲಾಯಿತಿಗೆ ಹೋಗಿ ಬಂದು, ಈಗ ಊರಿನ ಆಸ್ತಿವಂತ ಗಂಡಸರ ಮುಂದೆ ನಿಂತು ಮತ ಕೇಳುತ್ತಿದ್ದಾಳೆ. ಮತ ಇದ್ದವರಲ್ಲಿ ಬಹುಪಾಲು ಅವರೇ. ಆಕೆಗೆ ಮತ ಹಾಕಿದ ಗಂಡಸರನ್ನು ನಾವು ಮರೆಯಬಾರದು. ಅವರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಅವರಿಲ್ಲದೆ ಆ ಫಲಿತಾಂಶ ಅಷ್ಟು ಹತ್ತಿರಕ್ಕೆ ಬರುತ್ತಿರಲಿಲ್ಲ.

ಕಮಲಾದೇವಿ ಸೋತರು. ಎಷ್ಟು ಮತಗಳಿಂದ ಎಂಬಲ್ಲಿ ಬರೆದವರೆಲ್ಲ ಒಂದೇ ಮಾತು ಹೇಳುವುದಿಲ್ಲ. ಹೆಚ್ಚಿನವರು 55 ಎನ್ನುತ್ತಾರೆ, ಬೇರೆ ಸಂಖ್ಯೆ ಕೊಡುವವರೂ ಇದ್ದಾರೆ. ಅಂತರ ತೀರಾ ಕಡಿಮೆ ಎಂಬುದರಲ್ಲಿ ತಕರಾರಿಲ್ಲ. ಮೊದಲ ಅಭ್ಯರ್ಥಿ ಎಂಬ ಬಿರುದಿಗೂ ಒಂದು ಅಡಿಟಿಪ್ಪಣಿ ಬೇಕು: ಅದೇ ಚುನಾವಣೆಯಲ್ಲಿ ಮದರಾಸ್ ಪ್ರಾಂತದಲ್ಲಿ ಹ್ಯಾನನ್ ಆಂಜೆಲೊ ಎಂಬ ಇನ್ನೊಬ್ಬ ಮಹಿಳೆಯೂ ಕಣದಲ್ಲಿದ್ದರು, ಅವರೂ ಸೋತರು. ಚರಿತ್ರೆ ಒಬ್ಬರನ್ನು ನೆನಪಿಟ್ಟುಕೊಂಡಿತು, ಇನ್ನೊಬ್ಬರನ್ನು ಬಿಟ್ಟಿತು. ನೆನಪಿಟ್ಟುಕೊಂಡದ್ದಕ್ಕೆ ಕಾರಣ ಕಮಲಾದೇವಿ ಆಮೇಲೆ ಮಾಡಿದ ಕೆಲಸ.

ಆ ಚುನಾವಣೆಯ ನಂತರ ಮದರಾಸಿನಲ್ಲಿ ಪಿ. ಸುಬ್ಬರಾಯನ್ ಮಂತ್ರಿಮಂಡಲ ಬಂತು. ಡಾ. ಮುತ್ತುಲಕ್ಷ್ಮಿ ರೆಡ್ಡಿ ಶಾಸನಸಭೆಗೆ ನಾಮಕರಣಗೊಂಡು, 1927ರಲ್ಲಿ ಅದರ ಉಪಾಧ್ಯಕ್ಷೆಯೂ ಆದರು. ದೇವದಾಸಿ ಪದ್ಧತಿಯ ವಿರುದ್ಧ ಅವರ ಹೋರಾಟ ನಡೆದದ್ದು ಅಲ್ಲಿಂದಲೇ. ಮತಪೆಟ್ಟಿಗೆಯ ಮೂಲಕ ಬರಲಾಗದ ಹೆಣ್ಣು ನಾಮಕರಣದ ಮೂಲಕ ಬಂದಳು. ಇನ್ನು ಸುಬ್ಬರಾಯನ್ ಅವರ ಹೆಂಡತಿ ರಾಧಾಬಾಯಿ. ಈ ಹೆಸರು ಮುಂದೆ ಬರುತ್ತದೆ.

ಸೋಲಿನ ಬೆನ್ನಿಗೇ, 1927ರ ಜನವರಿಯಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಇದನ್ನು ಕರೆದವರಲ್ಲೂ ಮುಖ್ಯರು ಕಸಿನ್ಸ್. ಅಧ್ಯಕ್ಷೆ ಬರೋಡೆಯ ಮಹಾರಾಣಿ ಚಿಮಣಾಬಾಯಿ. ಕಮಲಾದೇವಿ ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿಯಾಗಿ ಊರೂರು ಸುತ್ತಿದರು. ಶಿಕ್ಷಣದ ಮಾತಿಗೆಂದು ಸೇರಿದ ಹೆಂಗಸರು ಶಿಕ್ಷಣಕ್ಕೆ ಅಡ್ಡ ನಿಂತದ್ದು ಬಾಲ್ಯವಿವಾಹ ಎಂದು ಕಂಡುಕೊಂಡು ಶಾರದಾ ಕಾಯಿದೆಯ ಬೆನ್ನಿಗೆ ನಿಂತರು. ಹೆಣ್ಣಿನ ಮದುವೆಗೆ ಕನಿಷ್ಠ 14 ವರ್ಷ ಎಂದು 1929ರ ಕಾಯಿದೆ ಹೇಳಿತು. ಹದಿನಾಲ್ಕಕ್ಕೆ ಮದುವೆಯಾಗಿ ಹದಿನಾರಕ್ಕೆ ವಿಧವೆಯಾದವರಿಗೆ ಆ ಗೆಲುವು ಎಷ್ಟು ಸಣ್ಣದೆಂದು ಗೊತ್ತಿತ್ತು, ಅದೆಷ್ಟು ಕಷ್ಟದಿಂದ ಬಂತೆಂದೂ ಗೊತ್ತಿತ್ತು. ಅದೇ ವರ್ಷ ಬರ್ಲಿನ್ನಿನ ಅಂತರರಾಷ್ಟ್ರೀಯ ಮಹಿಳಾ ಸಮಾವೇಶಕ್ಕೆ ಸರೋಜಿನಿ ನಾಯ್ಡು ಜೊತೆ ಹೋದರು. ಎಲ್ಲ ದೇಶಗಳ ಬಾವುಟವಿದ್ದ ಅಂಗಳದಲ್ಲಿ ಭಾರತದ್ದಿರಲಿಲ್ಲ. ನಮ್ಮ ಹೆಂಗಸರು ತಮ್ಮ ರೇಷ್ಮೆ ಸೀರೆಗಳನ್ನೇ ಹರಿದು ತ್ರಿವರ್ಣ ಹೊಲಿದರು.

1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಯತ್ತ ಹೊರಟ ಗಾಂಧೀಜಿಯ ಪಡೆಯಲ್ಲಿ ಒಬ್ಬ ಹೆಣ್ಣೂ ಇರಲಿಲ್ಲ. ಹೆಂಡದಂಗಡಿ, ವಿದೇಶಿ ಬಟ್ಟೆಯಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವುದು ಹೆಣ್ಣುಮಕ್ಕಳಿಗೆ ಒಪ್ಪುವ ಕೆಲಸ ಎಂಬುದು ಅವರ ನಿಲುವು. ಕಮಲಾದೇವಿ ಯಾತ್ರೆಯ ದಾರಿಯಲ್ಲೇ ಹೋಗಿ ಅವರನ್ನು ಕಂಡು, ಉಪ್ಪು ಅಡುಗೆಮನೆಯದು, ಅದರ ಹೋರಾಟದಿಂದ ಅಡುಗೆಮನೆಯವಳನ್ನು ಹೊರಗಿಡುವುದು ಹೇಗೆ ಎಂಬ ಅರ್ಥದಲ್ಲಿ ವಾದಿಸಿದರು. ಗಾಂಧೀಜಿ ಒಪ್ಪಿದರು. ಇದೊಂದೇ ಭೇಟಿ ಎಲ್ಲವನ್ನೂ ತಿರುಗಿಸಿತು ಎಂದು ಬರೆಯುವವರಿದ್ದಾರೆ; ಗುಜರಾತ್, ಮುಂಬಯಿಯ ಹೆಂಗಸರು ಅಪ್ಪಣೆಗೆ ಕಾಯದೆ ಬೀದಿಗಿಳಿಯಲು ಸಜ್ಜಾಗಿದ್ದರು, ಗಾಂಧೀಜಿ ಅದನ್ನು ಮನ್ನಿಸಿದರು ಅಷ್ಟೆ ಎನ್ನುವ ಇತಿಹಾಸಕಾರರೂ ಇದ್ದಾರೆ. ಎರಡೂ ನಿಜವೆಂದು ತೋರುತ್ತದೆ. ನೀರು ತುಂಬಿ ನಿಂತಿತ್ತು, ತೂಬು ತೆಗೆಯಲು ಒಂದು ಕೈ ಬೇಕಿತ್ತು.

ಏಪ್ರಿಲ್ 6ರಂದು ಮುಂಬಯಿಯ ಚೌಪಾಟಿಯಲ್ಲಿ ಉಪ್ಪಿನ ಕಾನೂನು ಮುರಿದ ಮೊದಲ ಏಳು ಮಂದಿಯಲ್ಲಿ ಇಬ್ಬರು ಹೆಣ್ಣುಗಳು: ಅವಂತಿಕಾಬಾಯಿ ಗೋಖಲೆ ಮತ್ತು ಕಮಲಾದೇವಿ. ಕಡಲತೀರದಲ್ಲಿ ಒಲೆ ಹೂಡಿ ಸಮುದ್ರದ ನೀರು ಕುದಿಸಿ ತೆಗೆದ ಉಪ್ಪನ್ನು ಪೊಟ್ಟಣ ಕಟ್ಟಿ ಷೇರುಪೇಟೆಯಲ್ಲಿ ಹರಾಜು ಹಾಕಿದರು. ಜನ ಮುಗಿಬಿದ್ದು ಕೊಂಡರು. ನ್ಯಾಯಾಲಯಕ್ಕೂ ಹೋಗಿ, ಮ್ಯಾಜಿಸ್ಟ್ರೇಟರನ್ನೇ ಈ ಸ್ವಾತಂತ್ರ್ಯದ ಉಪ್ಪು ಕೊಳ್ಳುತ್ತೀರಾ ಎಂದು ಕೇಳಿದರು. ಬಂಧನವಾಯಿತು, ಯರವಾಡಾ ಜೈಲಾಯಿತು. ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಯಾದ ಮೊದಲ ಹೆಣ್ಣು ಕಮಲಾದೇವಿ ಎಂದು ನಮ್ಮಲ್ಲಿ ಹೇಳಿದರೆ, ವೇದಾರಣ್ಯದ ರುಕ್ಮಿಣಿ ಲಕ್ಷ್ಮೀಪತಿ ಎಂದು ತಮಿಳರು ಹೇಳುತ್ತಾರೆ. ಆ ಬೇಸಿಗೆಯಲ್ಲಿ ಜೈಲು ತುಂಬಿದ ಸಾವಿರಾರು ಹೆಂಗಸರ ನಡುವೆ ಮೊದಲಿಗಳನ್ನು ಹುಡುಕುವುದರಲ್ಲಿ ನನಗೆ ಆಸಕ್ತಿಯಿಲ್ಲ. ಆ ಹೋರಾಟದ ಫಲ ಬೇರೆಡೆ ಕಂಡಿತು. 1931ರ ಕರಾಚಿ ಕಾಂಗ್ರೆಸ್ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಲಿಂಗಭೇದವಿಲ್ಲದ ಸಮಾನತೆಯನ್ನೂ ವಯಸ್ಕರೆಲ್ಲರಿಗೆ ಮತದ ಹಕ್ಕನ್ನೂ ಒಪ್ಪಿಕೊಂಡಿತು. ಆಸ್ತಿಯ ಕೊಕ್ಕೆಯನ್ನು ಕಾಗದದ ಮೇಲಾದರೂ ಕಿತ್ತೆಸೆದಂತಾಯಿತು.

ಇಲ್ಲಿ ಮಂಗಳೂರಿನ ಇಬ್ಬರು ಹೆಣ್ಣುಮಕ್ಕಳು ಎದುರುಬದುರಾದ ಕಥೆ ಬರುತ್ತದೆ. ಕನ್ನಡದಲ್ಲಿ ಇದರ ಚರ್ಚೆ ಏಕೆ ಇಷ್ಟು ವಿರಳವೋ ತಿಳಿಯದು. ರಾಧಾಬಾಯಿ ಸುಬ್ಬರಾಯನ್ ಬೇರಾರೂ ಅಲ್ಲ, ಕುದ್ಮುಲ್ ರಂಗರಾಯರ ಮಗಳು. 1930ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲ ದುಂಡುಮೇಜಿನ ಪರಿಷತ್ತಿಗೆ ಬೇಗಂ ಶಾಹನವಾಜ್ ಜೊತೆ ಹೋದವರು. ಹೆಣ್ಣುಗಳಿಗೆ ಶಾಸನಸಭೆಯಲ್ಲಿ ಕೆಲವು ಸ್ಥಾನಗಳನ್ನು ಕಾದಿರಿಸದೆ ಹೋದರೆ ಯಾರೂ ಗೆದ್ದು ಬರಲಾರರು, ಪಕ್ಷಗಳು ಟಿಕೆಟ್ಟೇ ಕೊಡುವುದಿಲ್ಲ ಎಂಬುದು ರಾಧಾಬಾಯಿಯ ವಾದ. ಕಮಲಾದೇವಿ ಇದ್ದ ಮಹಿಳಾ ಸಮ್ಮೇಳನ ಇದನ್ನು ಖಡಾಖಂಡಿತವಾಗಿ ತಳ್ಳಿಹಾಕಿತು. 1931ರಲ್ಲಿ ಮೂರು ದೊಡ್ಡ ಮಹಿಳಾ ಸಂಸ್ಥೆಗಳು ಸೇರಿ ಕೊಟ್ಟ ಮನವಿಯಲ್ಲಿ ಬೇಡಿಕೆ ಸ್ಪಷ್ಟವಿತ್ತು: ಎಲ್ಲ ವಯಸ್ಕರಿಗೂ ಮತ ಕೊಡಿ, ಸಮಾನತೆ ಕೊಡಿ, ದಯೆ ಬೇಡ, ಮೀಸಲು ಬೇಡ. ಎರಡನೆಯ ದುಂಡುಮೇಜಿನ ಪರಿಷತ್ತಿನಲ್ಲಿ ಸರೋಜಿನಿ ನಾಯ್ಡು ಈ ಮಾತನ್ನೇ ಮಂಡಿಸಿದರು. ಮೀಸಲು ಎಂದರೆ ಹಿಂದೂ ಹೆಣ್ಣು, ಮುಸ್ಲಿಂ ಹೆಣ್ಣು ಎಂದು ಬ್ರಿಟಿಷರು ಹೋಳು ಮಾಡುತ್ತಾರೆ ಎಂಬ ಭಯವೂ ಇತ್ತು. ಆದದ್ದೂ ಹಾಗೆಯೇ. 1935ರ ಕಾಯಿದೆ ಪ್ರಾಂತಗಳಲ್ಲಿ ಹೆಣ್ಣುಗಳಿಗೆ 41 ಸ್ಥಾನ ಕಾದಿರಿಸಿ, ಅವನ್ನು ಮತಧರ್ಮಗಳ ಲೆಕ್ಕದಲ್ಲಿ ಹಂಚಿತು. ಮತದಾರ ಹೆಣ್ಣುಗಳ ಸಂಖ್ಯೆ ಸುಮಾರು 60 ಲಕ್ಷಕ್ಕೇರಿತು. ಆದರೆ ಅವರಲ್ಲಿ ಎಷ್ಟೋ ಮಂದಿಗೆ ಮತ ಬಂದದ್ದು ಆಸ್ತಿವಂತರ ಹೆಂಡತಿಯರು ಎಂಬ ಅರ್ಹತೆಯಿಂದ.

ತತ್ತ್ವದಲ್ಲಿ ಕಮಲಾದೇವಿಯ ಬಳಗ ಸರಿ ಎಂದು ಆಗ ದೇಶ ಭಾವಿಸಿತು. ಆದರೆ ಟಿಕೆಟ್ಟಿನ ವಿಷಯದಲ್ಲಿ ರಾಧಾಬಾಯಿ ಹೇಳಿದ್ದು ದಿನದಿನವೂ ನಿಜವಾಗುತ್ತ ಬಂತು. 1936ರಲ್ಲಿ ನೆಹರೂ ಕಾಂಗ್ರೆಸ್ ಅಧ್ಯಕ್ಷರಾಗಿ ರಚಿಸಿದ ಕಾರ್ಯಕಾರಿ ಸಮಿತಿಯಲ್ಲಿ ಒಬ್ಬ ಹೆಣ್ಣೂ ಇರಲಿಲ್ಲ. ಆರು ವರ್ಷಗಳ ಹಿಂದೆ ಜೈಲು ತುಂಬಿದವರಿಗೆ ಪಕ್ಷದ ಮೇಜಿನಲ್ಲಿ ಕುರ್ಚಿಯಿಲ್ಲ. ಇದಕ್ಕೆ ಯಾರು ಹೊಣೆ ಎಂದು ಗಾಂಧಿ, ನೆಹರೂ ನಡುವೆ ಪತ್ರಗಳೇ ಓಡಾಡಿದವು. ರಾಧಾಬಾಯಿ 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್ ಸಭೆಗೆ ಆಯ್ಕೆಯಾದ ಮೊದಲ ಮಹಿಳೆಯಾದರು.

ಆ ಹೊತ್ತಿಗೆ ಕಮಲಾದೇವಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಮುಂಚೂಣಿಯಲ್ಲಿದ್ದರು. 1936ರ ಮೀರತ್ ಅಧಿವೇಶನಕ್ಕೆ ಅಧ್ಯಕ್ಷೆ. ಜಯಪ್ರಕಾಶ್ ನಾರಾಯಣ್, ಯೂಸುಫ್ ಮೆಹರಲಿ, ಅಚ್ಯುತ ಪಟವರ್ಧನರಂಥವರ ಬಳಗದಲ್ಲಿ ಹೆಣ್ಣಿನ ಪ್ರಶ್ನೆಯನ್ನು ಕೂಲಿಯ ಪ್ರಶ್ನೆಯಾಗಿ ನೋಡುವ ಅವರ ದೃಷ್ಟಿ ಹರಿತವಾಯಿತು. ಮನೆಗೆಲಸವೂ ದುಡಿಮೆಯೇ, ಅದಕ್ಕೂ ಬೆಲೆಯಿದೆ ಎಂದು ತಮ್ಮ ಬರಹಗಳಲ್ಲಿ ವಾದಿಸಿದರು. ಈಗ ಮನೆಯೊಡತಿಯರಿಗೆ ಕರ್ನಾಟಕ ಸರ್ಕಾರ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿಯ ಬಗ್ಗೆ ನಮ್ಮ ಹಳ್ಳಿಕಟ್ಟೆಗಳಲ್ಲಿ ನಡೆಯುವ ವಾಗ್ವಾದದ ಬೇರು ಅಷ್ಟು ಹಳೆಯದು. ಇದರ ನಡುವೆ 1931ರಲ್ಲಿ ಕನ್ನಡದ ಮೂಕಚಿತ್ರ ‘ಮೃಚ್ಛಕಟಿಕ’ದಲ್ಲಿ ನಟಿಸಿದ್ದೂ ಉಂಟು, ಕುಲೀನ ಮನೆಯ ಹೆಣ್ಣು ಬೆಳ್ಳಿತೆರೆಯಲ್ಲಿ ಕಾಣಿಸಿಕೊಳ್ಳುವುದು ಚುನಾವಣೆಗೆ ನಿಲ್ಲುವಷ್ಟೇ ದೊಡ್ಡ ಅಪರಾಧವಾಗಿದ್ದ ಕಾಲ. ಹರೀಂದ್ರನಾಥರೊಡನೆ ಬಾಳು ಹೊಂದದೆ ಹೋದಾಗ ಕದ್ದುಮುಚ್ಚಿ ನವೆಯದೆ ಕಾನೂನಿನ ಮೂಲಕವೇ ಬೇರೆಯಾದರು.

ಎರಡನೆಯ ಮಹಾಯುದ್ಧ ಶುರುವಾದಾಗ ಅವರು ಹೊರದೇಶದಲ್ಲಿದ್ದರು. ಅಮೆರಿಕದುದ್ದಕ್ಕೂ ಸುತ್ತಿ ಭಾರತದ ಸ್ವಾತಂತ್ರ್ಯದ ಪರ ಮಾತಾಡಿದರು. 1941ರಲ್ಲಿ ಲೂಸಿಯಾನ ರಾಜ್ಯದ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತಿದ್ದ ಅವರನ್ನು ಎದ್ದುಹೋಗಲು ಟಿಕೆಟ್ ಪರೀಕ್ಷಕ ಹೇಳಿದ. ಅವರು ಏಳಲಿಲ್ಲ. ಈಕೆ ಕಪ್ಪುಜನಾಂಗದವಳಲ್ಲ, ಪರದೇಶದವಳು ಎಂದು ಗೊತ್ತಾದಾಗ ಅವನ ದನಿ ಬದಲಾಯಿತು, ಊರು ಯಾವುದೆಂದು ವಿಚಾರಿಸಿದ. ಆ ರಿಯಾಯಿತಿಯನ್ನು ಕಮಲಾದೇವಿ ಒಪ್ಪಲಿಲ್ಲ. ನಾನು ಬಣ್ಣದವಳೇ, ಆದರೂ ಏಳುವುದಿಲ್ಲ ಎಂದರು. ಪರದೇಶದವಳೆಂಬ ವಿನಾಯಿತಿಯ ಮೇಲೆ ಆ ಸೀಟಿನಲ್ಲಿ ಕೂರುವುದು ಅವರಿಗೆ ಬೇಡವಾಗಿತ್ತು. ಅದೇ ಅಮೆರಿಕದ ಮಾಂಟ್‌ಗೊಮರಿಯ ಬಸ್ಸಿನಲ್ಲಿ ಕಪ್ಪುಜನಾಂಗದ ರೋಸಾ ಪಾರ್ಕ್ಸ್ ಏಳದೆ ಕುಳಿತದ್ದು ಇದಾಗಿ ಹದಿನಾಲ್ಕು ವರ್ಷಗಳ ಮೇಲೆ. ಊರಿಗೆ ಮರಳಿದ ಕಮಲಾದೇವಿಯನ್ನು ಕ್ವಿಟ್ ಇಂಡಿಯಾ ಚಳವಳಿ ಮತ್ತೆ ಜೈಲಿಗೆ ಕಳಿಸಿತು. 1944ರಲ್ಲಿ ಮಹಿಳಾ ಸಮ್ಮೇಳನದ ಅಧ್ಯಕ್ಷೆಯಾದರು.

1947 ಬಂತು. ಸರೋಜಿನಿ ನಾಯ್ಡು ಸಂಯುಕ್ತ ಪ್ರಾಂತದ ರಾಜ್ಯಪಾಲೆಯಾದರು, ದೇಶದ ಮೊದಲ ಮಹಿಳಾ ರಾಜ್ಯಪಾಲೆ. 1949ರ ಮಾರ್ಚ್ 2ರಂದು ಲಕ್ನೋದಲ್ಲಿ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಸಂವಿಧಾನ ರಚನಾಸಭೆಯಲ್ಲಿ ಕುಳಿತ ಹದಿನೈದು ಹೆಂಗಸರಲ್ಲಿ ಸರೋಜಿನಿ ಇದ್ದರು, ಕಮಲಾದೇವಿ ಇರಲಿಲ್ಲ. ಹರೀಂದ್ರನಾಥರು 1952ರಲ್ಲಿ ವಿಜಯವಾಡದಿಂದ ಗೆದ್ದು ಮೊದಲ ಲೋಕಸಭೆಗೆ ಹೋದರು. 1926ರಲ್ಲಿ ಹೆಂಡತಿಗಾಗಿ ಹಾಡಿ ಮತ ಕೇಳಿದ್ದ ಕವಿಗೆ ಸಂಸತ್ತಿನ ಬಾಗಿಲು ತೆರೆಯಿತು; ಅಭ್ಯರ್ಥಿಯಾಗಿದ್ದವರು ಯಾವ ಶಾಸನಸಭೆಯಲ್ಲೂ ಒಂದು ದಿನ ಕೂರಲಿಲ್ಲ.

ಅವರು ಹೋದದ್ದು ನಿರಾಶ್ರಿತರ ಡೇರೆಗಳಿಗೆ. ದೇಶವಿಭಜನೆಯಲ್ಲಿ ವಾಯವ್ಯ ಗಡಿಯಿಂದ ಓಡಿಬಂದವರಿಗೆ ಭಿಕ್ಷೆ ಹಾಕುವ ಬದಲು ಸಹಕಾರ ಸಂಘ ಕಟ್ಟಿಕೊಟ್ಟು, ಅವರ ಊರನ್ನು ಅವರೇ ಕಟ್ಟಿಕೊಳ್ಳುವಂತೆ ಮಾಡಬೇಕೆಂಬುದು ಅವರ ಯೋಚನೆ. ಗಾಂಧೀಜಿ ಒಪ್ಪಿದ್ದು ಸರ್ಕಾರದ ಮುಂದೆ ಕೈಚಾಚಬಾರದೆಂಬ ಷರತ್ತಿನ ಮೇಲೆ. 1948ರಲ್ಲಿ ಹುಟ್ಟಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ದೆಹಲಿ ಬಳಿಯ ಛತ್ತರ್‌ಪುರದಲ್ಲಿ ಬೇಸಾಯಗಾರರನ್ನು ಕೂಡಿಸಿತು. ಫರೀದಾಬಾದಿನಲ್ಲಿ ಹೊಸ ಊರು ಎದ್ದಾಗ, ರಸ್ತೆ, ಮನೆಗಳ ಕೆಲಸ ಗುತ್ತಿಗೆದಾರರ ಕೈಸೇರದೆ ನಿರಾಶ್ರಿತರ ಸಂಘಗಳಿಗೇ ಸಿಗುವಂತೆ ದುಡಿಯಿತು. ಅಲ್ಲಿ ಅವರ ಜೊತೆಗಿದ್ದ ಎಲ್. ಸಿ. ಜೈನ್ ಫರೀದಾಬಾದಿನ ಆ ಕಥೆಯನ್ನು ಬರೆದಿಟ್ಟರು. ಮುಂದೆ ಅಧಿಕಾರಶಾಹಿಯ ಕೈ ಮೇಲಾಗಿ ಆ ಪ್ರಯೋಗ ಬಾಡಿದ್ದನ್ನು ಓದುವಾಗ ಈಗಲೂ ಮನಸ್ಸು ಕುಗ್ಗುತ್ತದೆ.

1952ರಿಂದ ಸುಮಾರು ಎರಡು ದಶಕ ಅವರು ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದರು. ಬೀದರಿನ ಬಿದರಿ, ಚನ್ನಪಟ್ಟಣದ ಗೊಂಬೆ, ಶ್ರೀಕಾಳಹಸ್ತಿಯ ಕಲಂಕಾರಿ ಎನ್ನುತ್ತ ದೇಶದ ಮೂಲೆಮೂಲೆಯ ಕಸುಬುದಾರರಿಗೆ ತರಬೇತಿ, ಬಣ್ಣ, ಮಾರುಕಟ್ಟೆ ಹುಡುಕಿದರು. ಈ ಘಟ್ಟವನ್ನು ರಾಜಕಾರಣದಿಂದ ನಿವೃತ್ತಿ ಎಂದು ಬರೆಯುವುದು ರೂಢಿ. ಕಸೂತಿ, ಕೌದಿಗಳಿಗೆ ಸರಿದ ಮೇಲೆ ಅವರ ಹರಿತ ಮೊಂಡಾಯಿತು, ದೊಡ್ಡ ಅಂಗಡಿಗಳಿಗೆ ಚೆಂದದ ಸರಕು ಬಂತೇ ಹೊರತು ನೇಕಾರನ ಕೂಲಿ ಅಷ್ಟೇನೂ ಏರಲಿಲ್ಲ ಎಂಬ ಟೀಕೆಯೂ ಇದೆ. ಕೂಲಿಯ ಮಾತು ನಿಜ, ಒಪ್ಪಬೇಕು. ನಿವೃತ್ತಿ ಎಂಬುದನ್ನು ನಾನು ಒಪ್ಪಲಾರೆ. ದುಡಿಮೆಗೆ ತಕ್ಕ ಪಾಲು ಸಿಗದವರ ಪರವಾಗಿ ಅವರು 1926ರಲ್ಲಿ ಮತ ಕೇಳಿದರು, 1930ರಲ್ಲಿ ಉಪ್ಪು ಮಾರಿದರು, 1952ರಲ್ಲಿ ಮಗ್ಗದ ಮುಂದೆ ಕುಳಿತರು. ಶಾಸನಸಭೆಯ ಕುರ್ಚಿ ಈ ಕೆಲಸಕ್ಕೆ ಬೇಕಿದ್ದ ಉಪಕರಣಗಳಲ್ಲಿ ಒಂದಾಗಿತ್ತು. ಅದು ಸಿಗಲಿಲ್ಲ, ಬೇರೆ ಉಪಕರಣ ಹಿಡಿದರು. 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂದವು. 1986ರಲ್ಲಿ ಆತ್ಮಕಥೆ ಪ್ರಕಟವಾಯಿತು. ಅದೇ ವರ್ಷ ಹೈದರಾಬಾದಿನಲ್ಲಿ ಕೂರುತ್ತಿದ್ದ ಆಂಧ್ರ ಶಾಸನಸಭೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಡುವ ತಿದ್ದುಪಡಿ ತಂದಿತು. ಕರ್ನಾಟಕದಲ್ಲಿ ಅದು ಜಾರಿಗೆ ಬಂದದ್ದು 1994ರಲ್ಲಿ. ಕಮಲಾದೇವಿ 1988ರ ಅಕ್ಟೋಬರ್ 29ರಂದು ತೀರಿಕೊಂಡಿದ್ದರು.

ಪಾಲಿನ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟಿದೆ. ಕುರ್ಚಿಯ ಪ್ರಶ್ನೆ ಹಾಗೆಯೇ ಇದೆ. ಕರ್ನಾಟಕ 1972ರಲ್ಲಿ ಕೆ. ಎಸ್. ನಾಗರತ್ನಮ್ಮನವರನ್ನು ವಿಧಾನಸಭೆಯ ಅಧ್ಯಕ್ಷೆಯಾಗಿ ಕಂಡಿತು. ಆರು ವರ್ಷ ಆ ಪೀಠದಲ್ಲಿದ್ದು ಸದನವನ್ನು ಬಿಗಿಯಾಗಿ ನಡೆಸಿದ ಅವರ ನಂತರ ಇನ್ನೊಬ್ಬ ಹೆಣ್ಣು ಆ ಪೀಠ ಏರಿಲ್ಲ. 2023ರ ಮೇ ತಿಂಗಳ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಹೆಣ್ಣುಗಳು ಗೆದ್ದದ್ದು 10ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಂಸತ್ತು 106ನೆಯ ತಿದ್ದುಪಡಿಯ ಮೂಲಕ ಮೂರರಲ್ಲೊಂದು ಸ್ಥಾನವನ್ನು ಹೆಣ್ಣುಗಳಿಗೆ ಕಾದಿರಿಸಿ, ಅದರ ಜಾರಿಯನ್ನು ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಗೆ ಗಂಟುಹಾಕಿತು. ಎಲ್ಲರಿಗೂ ಮತ ಸಿಕ್ಕಿದರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ನಂಬಿದ್ದ ಕಮಲಾದೇವಿಯ ಬಳಗಕ್ಕೆ ಎಪ್ಪತ್ತು ವರ್ಷಗಳ ಸಾರ್ವತ್ರಿಕ ಮತದಾನ ಕೊಟ್ಟ ಉತ್ತರ ಇದು. ಹಾಗೆ ಬರುವುದಿಲ್ಲ ಎಂದು 1930ರಲ್ಲೇ ಹೇಳಿದ್ದ ರಂಗರಾಯರ ಮಗಳ ಮಾತನ್ನು ದೇಶ ಒಪ್ಪಲು ತೊಂಬತ್ಮೂರು ವರ್ಷ ಹಿಡಿಯಿತು.